ಸತ್ತವನ ಅಂಗಿ ಮತ್ತೆ ಬೇಕಾದ ದಿನ

ಆಗ ನನಗೆ ಅರವತ್ತೊಂದು ವರ್ಷ. ಇದಾಗಿ ಈಗ ಏಳು ವರ್ಷವಾಯಿತು. ಹೈದರಾಬಾದಿನಲ್ಲಿ ಸಿನಿಮಾ ನಟರ ಬಟ್ಟೆ ತೊಳೆಯುವುದು, ಇಸ್ತ್ರಿ ಮಾಡುವುದು, ವೇಳೆಗೆ ಸರಿಯಾಗಿ ಅವರ ಮೈಮೇಲೆ ಏರಿಸಿ ಕ್ಯಾಮೆರಾದ ಮುಂದೆ ಕಳಿಸುವುದು ನನ್ನ ಕೆಲಸವಾಗಿತ್ತು. ಕಾಸ್ಟ್ಯೂಮ್ ಡಿಪಾರ್ಟ್‌ಮೆಂಟ್ ಎಂದು ಅದಕ್ಕೆ ಹೆಸರು. ಹೆಸರು ದೊಡ್ಡದು, ಒಳಗೆ ಇರುವುದು ಬಕೆಟ್ಟು, ಸಾಬೂನು, ಇಸ್ತ್ರಿಪೆಟ್ಟಿಗೆ, ಸೂಜಿ ದಾರ. ನಾನು ಬೀದರ ಕಡೆಯವಳು, ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಗಂಡನ ಕೂಡ ಲಿಂಗಂಪಲ್ಲಿಗೆ ಬಂದೆ. ಅವನು ತೀರಿಕೊಂಡ ಮೇಲೆ ಈ ಕೆಲಸ ಹಿಡಿದೆ. ಇಪ್ಪತ್ತಾರು ವರ್ಷ ಮಾಡಿದೆ. ಅದರಲ್ಲಿ ಒಂದೇ ಒಂದು ದಿನ ನನ್ನ ಕೈ ತಪ್ಪು ಮಾಡಿತು. ಅದನ್ನು ಹೇಳುತ್ತೇನೆ.

ಅದು ಒಂದು ಗೂಢಚಾರನ ಸಿನಿಮಾ. ಒಂದಲ್ಲ, ಆರು. ಒಬ್ಬನೇ ಹೀರೋ, ಒಬ್ಬನೇ ಗೂಢಚಾರ, ಎರಡು ಮೂರು ವರ್ಷಕ್ಕೊಮ್ಮೆ ಒಂದೊಂದು ಭಾಗ. ಎರಡನೇ ಭಾಗದಿಂದ ನಾನಿದ್ದೆ. ಪ್ರತಿ ಭಾಗದಲ್ಲೂ ಅವನಿಗೆ ಬಿಳಿ ಫುಲ್‌ಶರ್ಟು, ತೋಳು ಎರಡು ಮಡಿಕೆ. ಆ ಅಂಗಿ ಪರದೆಯ ಮೇಲೆ ಬಂದ ಕೂಡಲೇ ಜನ ಸೀಟಿ ಹೊಡೆಯುತ್ತಿದ್ದರು. ಹೊಡೆಯಲಿ. ಬಿಳಿ ಅಂಗಿಯ ಕಾಲರ್ ತಿಕ್ಕುವವಳಿಗೆ ಅದರ ಸುಖ ಗೊತ್ತು.

ಆರನೇ ಭಾಗಕ್ಕೆ ಬರುವ ಹೊತ್ತಿಗೆ ಗುಟ್ಟು ಭಾಳ ಜೋರಾಯಿತು. ಹೀರೋ ಈ ಸಲ ಸಾಯುತ್ತಾನೆ, ಮುಂದಿನ ಭಾಗಕ್ಕೆ ಹೊಸ ಹುಡುಗ ಬರುತ್ತಾನೆ ಎಂದು ಊರೆಲ್ಲ ಸುದ್ದಿ. ನಿಜವೋ ಸುಳ್ಳೋ ಯೂನಿಟ್ಟಿನವರಿಗೂ ಗೊತ್ತಿರಲಿಲ್ಲ. ಗೇಟಿನಲ್ಲಿ ಎಲ್ಲರ ಮೊಬೈಲಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಿದ್ದರು. ಕಾಲ್‌ಶೀಟ್ ಎಂಬ ಕಾಗದದಲ್ಲಿ ನಾಳೆ ಏನು ಶೂಟಿಂಗ್, ಯಾರಿಗೆ ಯಾವ ಬಟ್ಟೆ ಎಂದು ಬರೆದಿರುತ್ತದೆ. ಈ ಸಲ ಅದರಲ್ಲಿ ಬರೀ ನಂಬರು. ಓದು ಬಲ್ಲವರೂ ನನ್ನ ಹಾಗೆಯೇ ಆದರು. ಅದರಲ್ಲಿ ನನಗೆ ಸ್ವಲ್ಪ ಸಮಾಧಾನವೂ ಇತ್ತು ಅನ್ನಿ. ಪೂರ್ತಿ ಕಥೆ ಬಲ್ಲವರು ನಾಲ್ಕೈದು ಜನ. ನಮ್ಮ ಕಾಸ್ಟ್ಯೂಮ್ ಮಾಸ್ಟರ್ ಶರಣಪ್ಪನಿಗೂ ಹೇಳಿರಲಿಲ್ಲ. ಶರಣಪ್ಪ ರಾಯಚೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು. ಕೈ ಒಳ್ಳೆಯದು, ಧೈರ್ಯ ಕಡಿಮೆ.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ಮಾತಿದೆ. ಕಂಟಿನ್ಯುಟಿ ಎನ್ನುತ್ತಾರೆ. ಕಥೆಯಲ್ಲಿ ಒಂದೇ ದಿನ ನಡೆಯುವುದನ್ನು ಶೂಟಿಂಗಿನಲ್ಲಿ ಹತ್ತು ದಿನ ತೆಗೆಯುತ್ತಾರೆ. ಹತ್ತೂ ದಿನ ಅಂಗಿಯ ಮೇಲಿನ ಕಲೆ ಇದ್ದಲ್ಲೇ ಇರಬೇಕು. ಅದಕ್ಕೇ ಅಸಿಸ್ಟೆಂಟ್ ಡೈರೆಕ್ಟರ್ ಹೂಂ ಅನ್ನುವ ತನಕ ಯಾವ ಬಟ್ಟೆಯನ್ನೂ ತೊಳೆಯುವ ಹಾಗಿಲ್ಲ. ರಕ್ತದ ಕಲೆ ಇದ್ದರೆ ಹಾಗೇ ಒಣಗಿಸಿ, ಪ್ಲಾಸ್ಟಿಕ್ ಕವರ್ ಹಾಕಿ ತೂಗುಹಾಕುತ್ತೇವೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಎಂದೂ ಹೇಳಿಲ್ಲ.

ಆ ಸಲ ಕಂಟಿನ್ಯುಟಿ ನೋಡುತ್ತಿದ್ದ ಅಸಿಸ್ಟೆಂಟ್ ಡೈರೆಕ್ಟರ್ ನಂದಿನಿ. ಇಪ್ಪತ್ತನಾಲ್ಕು ವರ್ಷ, ಧಾರವಾಡ ಕಡೆಯ ಮನೆತನ. ತಂದೆ ಇಲ್ಲಿಯ ಸರಕಾರಿ ಕಾರ್ಖಾನೆಯಲ್ಲಿ ಫೋರ್‌ಮನ್. ಸೆಟ್ಟಿನಲ್ಲಿ ತೆಲುಗು, ನನ್ನ ಕೂಡ ಮನೆಯ ಕನ್ನಡ. ಇದು ಅವಳ ಮೊದಲನೇ ಸಿನಿಮಾ. ಅವಳಿಗಿಂತ ಮುಂಚೆ ಇದ್ದವನು ಒಂದು ಗಡಿಯಾರ ಎಡಗೈಯಿಂದ ಬಲಗೈಗೆ ಹೋದದ್ದನ್ನು ನೋಡದೆ ಬಿಟ್ಟ. ಡೈರೆಕ್ಟರು ಅವನನ್ನು ಅದೇ ದಿನ ಮನೆಗೆ ಕಳಿಸಿದ್ದರು. ನಂದಿನಿಗೆ ಅದು ಗೊತ್ತಿತ್ತು. ಹಾಗಾಗಿ ಊಟ ಮಾಡುವಾಗಲೂ ಕೈಯಲ್ಲಿ ಕಲೆ, ಮಡಿಕೆ ಎಲ್ಲ ಬರೆದಿಡುವ ಪುಸ್ತಕ.

ಏಪ್ರಿಲ್ ತಿಂಗಳು. ನಾಂಪಲ್ಲಿ ಸ್ಟೇಷನ್ ಹಿಂದೆ ಒಂದು ಹಳೇ ಗೋದಾಮು ಬಾಡಿಗೆಗೆ ಹಿಡಿದು ಒಳಗೆ ಆಸ್ಪತ್ರೆಯ ಶವಾಗಾರದ ಸೆಟ್ ಹಾಕಿದ್ದರು. ಅಂದು ಸಂಜೆ ಆರರವರೆಗೆ ಮಾತ್ರ ಅಲ್ಲಿ ಪರವಾನಗಿ. ಹೀರೋ ಮರುದಿನ ಬೆಳಿಗ್ಗೆ ಬೇರೆ ದೇಶಕ್ಕೆ ಹೊರಡುವವನು, ನಲವತ್ತು ದಿನ ಬರುವುದಿಲ್ಲ. ಎದೆಗೆ ಗುಂಡು ಬೀಳುವ ಶಾಟನ್ನು ಹಿಂದಿನ ವಾರವೇ ತೆಗೆದಿದ್ದರು. ಅಂಗಿಯ ಒಳಗೆ ಸಣ್ಣ ಮದ್ದು ಕಟ್ಟಿ ಸಿಡಿಸುತ್ತಾರೆ. ಒಂದು ಸಲ ಸಿಡಿದರೆ ಒಂದು ಅಂಗಿ ಹೋಯಿತು. ಶರಣಪ್ಪ ನಾಲ್ಕು ಅಂಗಿ ಹೊಲಿದಿದ್ದ. ಎರಡು ಕೆಟ್ಟವು, ಮೂರನೆಯದು ಸರಿ ಬಂತು. ನಾಲ್ಕನೆಯದು ಮುಟ್ಟದೆ ಊರಿನ ಇನ್ನೊಂದು ತುದಿಯ ಉಪ್ಪಲ್‌ನಲ್ಲಿ, ನಮ್ಮ ಬಟ್ಟೆಯ ಕೋಣೆಯಲ್ಲಿತ್ತು. ಮೂರನೇ ಅಂಗಿಯನ್ನು ಒಂದು ವಾರ ನಾನೇ ಕಾಪಾಡಿದ್ದೆ. ಬೆರಳು ಸಹ ತಾಗಿಸಿರಲಿಲ್ಲ.

ಆ ದಿನ ಹನ್ನೊಂದು ಗಂಟೆಗೆ ಸಾವಿನ ಶಾಟ್ ಮುಗಿಯಿತು. ಹೀರೋನನ್ನು ಅದೇ ಅಂಗಿಯಲ್ಲಿ ಕಬ್ಬಿಣದ ಸ್ಟ್ರೆಚರಿನ ಮೇಲೆ ಮಲಗಿಸಿ, ಒಮ್ಮೆ ಮಗ್ಗುಲಿಗೆ ಹೊರಳಿಸಿ, ಮೇಲೆ ಬಿಳಿ ಹೊದಿಕೆ ಎಳೆದರು. ಹೆಣವಾಗಿ ಮಲಗಿದ ನಟ ಕೊನೆಗೆ ಎದ್ದು ಕ್ಯಾಮೆರಾ ನೋಡಿ ನಗಬೇಕು, ಅದು ಸಿನಿಮಾದವರ ಪದ್ಧತಿ. ಅವನು ನಕ್ಕ. ದೃಷ್ಟಿ ತೆಗೆದು ಬೂದುಗುಂಬಳ ಒಡೆದರು. ಲೈಟಿನವರು ಕಣ್ಣು ಒರೆಸಿಕೊಂಡರು. ಹದಿನೈದು ವರ್ಷ ನೋಡಿದ ಪಾತ್ರ, ಮುಗಿಯಿತು ಅಂದುಕೊಂಡೆವು. ಬೆವರಿಗೆ ಅಂಗಿ ಅಂಟು ಅಂಟಾಗಿ ಮೈ ಕಡಿಯುತ್ತದೆ ಎಂದು ಹೀರೋ ಕಳಚಿ ನನ್ನ ಕೈಗೆ ಕೊಟ್ಟು ತನ್ನ ವ್ಯಾನಿಗೆ ಹೋದ.

ನಮ್ಮ ಕಡೆ ಹೆಣದ ಮೈಮೇಲಿನ ಬಟ್ಟೆಯನ್ನು ಉಳಿದವರ ಬಟ್ಟೆಯ ಕೂಡ ಇಡುವುದಿಲ್ಲ. ನನ್ನ ಗಂಡ ಹೋದ ದಿನ ಅವನ ಅಂಗಿ ಹೊಸ್ತಿಲೊಳಗೆ ಬರಲಿಲ್ಲ. ಸಿನಿಮಾದಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲ, ಗೊತ್ತು. ಆದರೂ ಚಟ್ಟದ ಮೇಲೆ ಮಲಗಿದ ಅಂಗಿ ಇದು ಎಂದು ತಿಳಿದರೆ ಮುಂದಿನ ನಟ ತೊಡುವುದಿಲ್ಲ. ಒಬ್ಬ ದೊಡ್ಡ ನಟ ಹಾಗೆ ಸಿಟ್ಟಾಗಿ ಅರ್ಧ ದಿನ ಕೂತಿದ್ದನ್ನು ಕಂಡಿದ್ದೇನೆ. ಅಂದಿನಿಂದ ಸಾವಿನ ದೃಶ್ಯದ ಬಟ್ಟೆಯನ್ನೆಲ್ಲ ಕೆಲಸ ಮುಗಿದ ಕೂಡಲೇ ತೊಳೆದು, ಕೊನೆಗೆ ಅರಿಶಿನ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದೆ. ಅರಿಶಿನದ ಡಬ್ಬಿ ಯಾವಾಗಲೂ ನನ್ನ ಚೀಲದಲ್ಲಿ. ಪ್ರತಿ ಸಲ ಕೇಳಿಯೇ ತೊಳೆದಿದ್ದೆ. ಅಂದು ಕೇಳಲಿಲ್ಲ. ಸತ್ತ, ನಕ್ಕ, ಕುಂಬಳಕಾಯಿ ಒಡೆಯಿತು. ಇನ್ನು ಕೇಳುವುದೇನು ಎಂದುಕೊಂಡೆ.

ಗೋದಾಮಿನ ಹಿತ್ತಿಲಲ್ಲಿ ನಳ ಇತ್ತು. ಮೊದಲು ತಣ್ಣೀರು, ಆಮೇಲೆ ಸಾಬೂನು. ಸಿನಿಮಾದ ರಕ್ತ ಪಾಕದ ಹಾಗೆ ಜಿಗುಟು, ಬಣ್ಣ ಬಿಡುವುದಿಲ್ಲ. ಬಿಡಿಸುವುದು ನನಗೆ ಬರುತ್ತಿತ್ತು. ಅರ್ಧ ತಾಸು ತಿಕ್ಕಿದೆ. ಕಲೆ ಪೂರ್ತಿ ಹೋಯಿತು. ಅರಿಶಿನದಲ್ಲಿ ಅದ್ದಿ ಹಿಂಡಿ ಒಣ ಹಾಕಿದೆ. ಕೆಲಸ ಅಷ್ಟು ಚೆನ್ನಾಗಿ ಬರದಿದ್ದರೇ ಒಳ್ಳೆಯದಿತ್ತು.

ಹನ್ನೆರಡಕ್ಕೆ ನಂದಿನಿ ಬಂದಳು.

“ಅಮ್ಮಾ, ಸರ್ ಅವರ ಅಂಗಿ ಎಲ್ಲಿ ಐತಿ? ಊಟ ಆದ ಮ್ಯಾಲೆ ಬೇಕು.”

“ಯಾಕ? ಅವ ಸತ್ತನಲ್ಲ.”

ಅವಳು ಹಿಂದೆ ಮುಂದೆ ನೋಡಿದಳು. ನನ್ನ ಕಿವಿಯ ಹತ್ತಿರ ಬಾಗಿದಳು. “ಸತ್ತಿಲ್ಲಮ್ಮಾ. ನಾಟಕ ಅದು. ವೈರಿಗಳಿಗೆ ಸತ್ತೀನಿ ಅಂತ ತೋರಿಸ್ತಾನ. ಊಟದ ಮ್ಯಾಲೆ ಸ್ಟ್ರೆಚರ್‌ನಿಂದ ಎದ್ದು ನಡಕೊಂಡು ಹೋಗ್ತಾನ. ನಾ ಹೇಳಿದ್ದು ಯಾರಿಗೂ ಹೇಳಬ್ಯಾಡ್ರಿ.”

ನಾನು ಹಗ್ಗದ ಕಡೆ ಕೈ ಮಾಡಿದೆ. ಬಿಸಿಲಿನಲ್ಲಿ ತೆಳು ಹಳದಿ ಅಂಗಿ ತೂಗಾಡುತ್ತಿತ್ತು. ಎದೆಯ ತೂತೊಂದು ಬಿಟ್ಟರೆ ಮದುವೆಗೆ ಹಾಕಿಕೊಂಡು ಹೋಗಬಹುದಿತ್ತು.

ನಂದಿನಿ ಅಳಲಿಲ್ಲ. ನೆಲದ ಮೇಲೆ ಕೂತಳು. “ಮುಗೀತು. ನಾಳೆ ನಾ ಇರಂಗಿಲ್ಲ” ಎಂದಳು.

“ಕೂಡಬ್ಯಾಡ. ಎಷ್ಟು ಗಂಟೆಗೆ ಬೇಕು?”

“ಎರಡೂವರೆಗೆ.”

“ತೊಳದಾಕಿ ನಾನು. ನೀ ಯಾಕ ಹೋಗ್ತಿ?”

“ಅಂಗಿಗೆ ಜವಾಬು ಕೊಡೋದು ನಾನಮ್ಮಾ. ನಿಮ್ಮನ್ನ ಬೈತಾರ, ನನ್ನ ಕಳಸ್ತಾರ.”

ಅದು ಸುಳ್ಳಾಗಿರಲಿಲ್ಲ. ನನ್ನಂಥವಳಿಗೆ ಬೇರೆ ಕಂಪನಿಯಲ್ಲೂ ಬಕೆಟ್ಟು ಸಿಗುತ್ತದೆ. ಮೊದಲನೇ ಸಿನಿಮಾದಿಂದ ಹೊರಹಾಕಿಸಿಕೊಂಡ ಹುಡುಗಿಗೆ ಎರಡನೆಯದು ಯಾರು ಕೊಡುತ್ತಾರೆ? ತಪ್ಪು ನನ್ನದು, ತಲೆ ಅವಳದು ಎಂದರೆ ಅದು ನನಗೆ ಒಗ್ಗುವ ಲೆಕ್ಕವಲ್ಲ. ಶರಣಪ್ಪನನ್ನು ಕರೆಸಿದೆ. ಅವನು ಅಂಗಿ ನೋಡಿ ತಲೆಯ ಮೇಲೆ ಕೈ ಹೊತ್ತ.

“ಅಕ್ಕಾ, ಏನ್ ಮಾಡಿಟ್ಟಿ? ನೋಡಿದವರು ಏನಂದಾರು?”

“ನೋಡೂದ್ರಾಗ ಸರಿ ಮಾಡೂದು. ಉಪ್ಪಲ್‌ನಾಗಿಂದ ಇನ್ನೊಂದು ತರಿಸಾಕ ಆಗ್ತದೇನು?”

“ಹೋಗಿ ಬರೂದ್ರಾಗ ಮೂರು ಆಗ್ತದ. ತಂದರೂ ತೂತಿಲ್ಲ, ಸುಟ್ಟ ಗುರುತಿಲ್ಲ.”

“ಹಂಗಾರ ಇದನ್ನೇ ಹೊಲಸು ಮಾಡೂಣು.”

ಮೊದಲು ಹಳದಿ ಹೋಗಬೇಕಿತ್ತು. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಇದು ಬಟ್ಟೆ ತೊಳೆಯುವ ಎಲ್ಲ ಹೆಂಗಸರಿಗೂ ಗೊತ್ತು. ಊಟದ ಪಂಡಾಲಿನಲ್ಲಿ ಬಿರಿಯಾನಿಗೆ ಹೆಚ್ಚಿಟ್ಟ ನಿಂಬೆಹಣ್ಣಿನ ತಟ್ಟೆ ಇತ್ತು. ಶರಣಪ್ಪ ಅದನ್ನೇ ಎತ್ತಿಕೊಂಡು ಬಂದ. ಅಂಗಿಯನ್ನು ಮತ್ತೊಮ್ಮೆ ಹಿಂಡಿ, ರಸ ಸವರಿ, ಬೆಂಕಿಯ ಹಾಗೆ ಕಾದ ತಗಡಿನ ಮೇಲೆ ಹಾಸಿದೆ. ಹದಿನೈದು ನಿಮಿಷಕ್ಕೊಮ್ಮೆ ಮಗುಚಿದೆ. ನಲವತ್ತೈದು ನಿಮಿಷಕ್ಕೆ ಹಳದಿ ಹೋಯಿತು. ಕಂಕುಳಲ್ಲಿ ಸ್ವಲ್ಪ ಉಳಿಯಿತು. ಬೆವರು ಎಂದರೆ ಯಾರಾದರೂ ನಂಬುತ್ತಾರೆ. ಆ ಏಪ್ರಿಲ್ ಬಿಸಿಲನ್ನು ಬೈಯದೇ ಇದ್ದ ದಿನ ಅದೊಂದೇ.

ಇನ್ನು ಕಲೆ. ಎದೆಯ ಕಲೆಯ ಫೋಟೊ ನಂದಿನಿಗೆ ಕಂಪನಿ ಕೊಟ್ಟ ಕ್ಯಾಮೆರಾದಲ್ಲಿ ಇತ್ತು. ತೂತಿನ ಅಂಚಿನ ಮಸಿ ತೊಳೆದು ಹೋಗಿತ್ತು, ಶರಣಪ್ಪ ಊದುಬತ್ತಿಯಿಂದ ಮತ್ತೆ ಸುಟ್ಟ. ಮೇಕಪ್ಪಿನವನಿಂದ ರಕ್ತದ ಬಾಟಲಿ ತಂದೆವು. ಹಸಿ ರಕ್ತ ಹೊಳೆಯುತ್ತದೆ, ನಮಗೆ ಬೇಕಾದದ್ದು ಒಣಗಿದ ರಕ್ತ. ಚಹಾದ ಡಿಕಾಕ್ಷನ್ನಿಗೆ ಅದನ್ನು ಕಲಸಿ, ಹಿಂಡಿದ ಅರಿವೆಯಿಂದ ಒತ್ತಿ ಒತ್ತಿ ಹಚ್ಚಿದೆ. ಕೂದಲು ಒಣಗಿಸುವ ಮಷೀನು ಹಿಡಿದು ನಂದಿನಿ ಒಣಗಿಸಿದಳು. ಫೋಟೊಕ್ಕೆ ಹೋಲಿಸಿದಳು. “ಇಲ್ಲಿ ಎರಡು ಬೆರಳು ಕೆಳಗ ಇಳದೈತಿ” ಎಂದಳು. ಇಳಿಸಿದೆ.

ಬೆನ್ನಿನ ಫೋಟೊ ಇರಲಿಲ್ಲ. ಹೀರೋ ಬೆನ್ನ ಮೇಲೆ ಮಲಗಿದ್ದರಿಂದ ಅವಳು ತೆಗೆದಿರಲಿಲ್ಲ. ಆದರೆ ಮಗ್ಗುಲಿಗೆ ಹೊರಳಿಸುವಾಗ ಬೆನ್ನು ಕ್ಯಾಮೆರಾಕ್ಕೆ ಕಂಡಿತ್ತು. ಮಧ್ಯಾಹ್ನ ಅವನು ನಡೆದು ಹೋಗುವುದೂ ಬೆನ್ನು ತೋರಿಸಿಯೇ. ಮಾನಿಟರಿನಲ್ಲಿ ಬೆಳಗಿನ ಶಾಟ್ ತೋರಿಸಿ ಎಂದು ಕೇಳಿದರೆ ಯಾಕೆ ಎನ್ನುತ್ತಾರೆ.

“ಬೆನ್ನು ನಂಗ ನೆನಪಿಲ್ಲಮ್ಮಾ” ಎಂದಳು ನಂದಿನಿ.

“ನನಗದ. ನಾ ತಿಕ್ಕೀನಿ.”

ಕಲೆ ಎಲ್ಲಿತ್ತು ಎಂದು ತೊಟ್ಟವನಿಗೆ ಗೊತ್ತಿರುವುದಿಲ್ಲ. ತೊಳೆದವಳಿಗೆ ಗೊತ್ತಿರುತ್ತದೆ. ಎಡ ಹೆಗಲಿನ ಕೆಳಗೆ ಅಂಗೈಯಷ್ಟು ರಕ್ತ, ಅದರ ಬಾಲ ನಡುವಿನ ಕಡೆಗೆ. ಬಲ ಮೊಣಕೈಯಲ್ಲಿ ಮಣ್ಣು, ಅದಕ್ಕೆ ಮೂರು ಸಲ ಸಾಬೂನು ಹಚ್ಚಬೇಕಾಗಿತ್ತು. ಬೆನ್ನಿಗೆ ಅಡ್ಡಲಾಗಿ ಎರಡು ತುಕ್ಕಿನ ಗೆರೆ, ಸ್ಟ್ರೆಚರಿನ ಕಬ್ಬಿಣದ ಪಟ್ಟಿಗಳದ್ದು. ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ರಕ್ತ, ಮಣ್ಣು ಹಚ್ಚಿದೆವು. ತುಕ್ಕಿನ ಗೆರೆ ಮಾತ್ರ ಹಚ್ಚಲು ಬರಲಿಲ್ಲ. ಏನು ಬಳಿದರೂ ಬಣ್ಣ ಬಳಿದ ಹಾಗೇ ಕಾಣುತ್ತಿತ್ತು.

“ಇದು ಹಚ್ಚಿದರ ಬರಂಗಿಲ್ಲ. ಮಲಗಿದರ ಬರ್ತದ” ಎಂದೆ. “ಶರಣಪ್ಪ, ತೊಟ್ಟುಕೋ.”

ಅವನು ಎರಡು ಹೆಜ್ಜೆ ಹಿಂದೆ ಸರಿದ. “ನಾ ಹೆಣ ಆಗಬೇಕೇನಕ್ಕಾ? ಮನ್ಯಾಗ ತಿಳಿದರ ನನ್ನ ಹೆಂಡತಿ ಊಟಕ್ಕ ಹಾಕಂಗಿಲ್ಲ. ಅದೂ ಅಲ್ಲದ ಈ ಹೊಟ್ಟಿಗೆ ಗುಂಡಿ ಕೂಡತಾವೇನು?”

“ನಾ ಮಲಗ್ತೀನ್ರಿ” ಎಂದಳು ನಂದಿನಿ.

“ನೀ ಸುಮ್ಮನಿರು. ನಿನಗಿನ್ನಾ ಮದುವಿ ಆಗಬೇಕು” ಎಂದೆ.

ಒಂದೂಮುಕ್ಕಾಲು. ಎಲ್ಲರೂ ಹೊರಗೆ ಊಟಕ್ಕೆ ಕೂತಿದ್ದರು, ಸೆಟ್ಟಿನಲ್ಲಿ ಯಾರೂ ಇರಲಿಲ್ಲ. ಸೀರೆಯ ಮೇಲೆ ಹೀರೋನ ಅಂಗಿ ಹಾಕಿಕೊಂಡೆ. ಬೆನ್ನಿಗೆ ನೀರು ಚಿಮುಕಿಸಿದರು. ಸ್ಟ್ರೆಚರಿನ ಮೇಲೆ ಅಂಗಾತ ಮಲಗಿದೆ. ಹೀರೋ ನನಗಿಂತ ಒಂದು ಗೇಣು ಎತ್ತರ. ಗೆರೆ ಇದ್ದಲ್ಲಿಗೇ ಬರಲಿ ಎಂದು ಕಾಲರಿನ ಅಳತೆ ಹಿಡಿದು ಅವರಿಬ್ಬರೂ ನನ್ನನ್ನು ಮೇಲೆ ಕೆಳಗೆ ಎಳೆದರು. ನಂದಿನಿ ಎರಡೂ ಹೆಗಲು ಒತ್ತಿ ಹಿಡಿದಳು. ಐದು ನಿಮಿಷ ಅಲ್ಲಾಡದೆ ಮಲಗಿದೆ. ಮೈಲಿಗೆ ಎಂದು ತೊಳೆದ ಅಂಗಿಯನ್ನೇ ತೊಟ್ಟು ಹೆಣದ ಜಾಗದಲ್ಲಿ ಮಲಗಿದ್ದೇನೆ ಎನ್ನುವುದು ತಲೆಗೆ ಬಂತು. ಬಂದರೆ ಬರಲಿ ಎಂದುಕೊಂಡೆ. ಸೊಂಟ ಮಾತ್ರ ಭಾಳ ನೋಯುತ್ತಿತ್ತು.

ಎದ್ದೆ. ಶರಣಪ್ಪ ಬೆನ್ನು ನೋಡಿದ. “ಬಂದಾವು ಅಕ್ಕಾ, ಎರಡೂ ಬಂದಾವು” ಎಂದ. ಆಮೇಲೆ ಗಾಬರಿಯಿಂದ, “ಒಂದು ಸಲ ನಗು. ಮಲಗಿ ಎದ್ದಿದ್ದಿ, ನಗಬೇಕು” ಎಂದ.

“ನಗಾಕ ಟೈಮಿಲ್ಲ. ಇಸ್ತ್ರಿ ಕಾಯಿಸು.”

ಇಸ್ತ್ರಿಯನ್ನು ಒಳಗಿನಿಂದ ಆಡಿಸಿ ಹಸಿ ತೆಗೆದೆ, ನೆರಿಗೆ ಹೋಗದ ಹಾಗೆ. ಎರಡೂ ಇಪ್ಪತ್ತಕ್ಕೆ ಅಂಗಿಯನ್ನು ಹೀರೋನ ವ್ಯಾನಿಗೆ ಒಯ್ದೆ. ಅವನು ಒಂದು ತೋಳು ಹಾಕಿ ನಿಂತ. ಕಾಲರ್ ಮೂಸಿದ. ಅರಿಶಿನದ ವಾಸನೆ ಬರುತ್ತಿದೆಯಲ್ಲಮ್ಮಾ ಎಂದು ತೆಲುಗಿನಲ್ಲಿ ಕೇಳಿದ.

ಯಾರಿಗೂ ಹೇಳಬೇಡ ಎಂದು ಶರಣಪ್ಪ ನೂರು ಸಲ ಹೇಳಿದ್ದ. ಆದರೆ ಮೈಮೇಲೆ ಹಾಕುವವನಿಗೆ ಬಟ್ಟೆಯ ವಿಷಯದಲ್ಲಿ ನಾನು ಸುಳ್ಳು ಹೇಳುವವಳಲ್ಲ. “ನೀವು ಸತ್ತಿರಿ ಅಂದುಕೊಂಡೆ. ತೊಳೆದು ಅರಿಶಿನದಲ್ಲಿ ಅದ್ದಿದೆ. ಕಲೆ ಈಗ ಮತ್ತೆ ಹಚ್ಚಿದ್ದು” ಎಂದು ನನಗೆ ಬರುವ ತೆಲುಗಿನಲ್ಲಿ ಹೇಳಿದೆ.

ಅವನು ನನ್ನನ್ನೇ ನೋಡಿದ. ಇಷ್ಟು ದೊಡ್ಡ ಹೀರೋ, ಪರದೆಯ ಮೇಲೆ ಹತ್ತನೇ ಮಹಡಿಯಿಂದ ಜಿಗಿಯುವವನು. ನಿಧಾನವಾಗಿ ಎರಡನೇ ತೋಳು ಹಾಕಿಕೊಂಡ. ಆ ಅಂಗಿ ಮತ್ತೆ ತೊಡಬೇಕಲ್ಲ ಎಂದು ತನಗೆ ಊಟ ಸೇರಲಿಲ್ಲ, ಬೆಳಿಗ್ಗೆ ಅಮ್ಮ ಫೋನಿನಲ್ಲಿ ಹೆಣವಾಗಿ ಮಲಗಬೇಡ ಎಂದು ಅತ್ತಿದ್ದಳು, ಯಾರ ಹತ್ತಿರ ಹೇಳಲಿ ಎಂದ. ಗುಂಡಿ ಹಾಕಿಕೊಳ್ಳುತ್ತ, “ಒಳ್ಳೆಯದು ಮಾಡಿದೆಯಮ್ಮಾ” ಎಂದ. ಹೊರಗೆ ಹೋಗುವಾಗ ಹೆಜ್ಜೆ ಹಗುರಾಗಿತ್ತು. ಅವನಿಗೆ ಹಗುರಾಯಿತು, ನನಗಲ್ಲ. ಡೈರೆಕ್ಟರು ಇನ್ನೂ ನೋಡಬೇಕಿತ್ತು.

ಶಾಟ್ ಆಯಿತು. ಹೊದಿಕೆ ಸರಿಯಿತು, ಅವನು ಎದ್ದ, ಬೆನ್ನು ತೋರಿಸಿ ಬಾಗಿಲ ಕಡೆಗೆ ನಡೆದ. ಯೂನಿಟ್ಟಿನವರ ಬಾಯಿ ತೆರೆದಿತ್ತು. ಬೆಳಿಗ್ಗೆ ಅತ್ತವರು ಈಗ ತಮ್ಮಷ್ಟಕ್ಕೆ ಬೈದುಕೊಂಡರು. ಡೈರೆಕ್ಟರು ಮಾತ್ರ ಕಟ್ ಎಂದ ಮೇಲೆ ಏಳಲಿಲ್ಲ. ಬೆಳಗಿನ ಚಿತ್ರವನ್ನೂ ಈಗಿನದನ್ನೂ ಮಾನಿಟರಿನಲ್ಲಿ ಪಕ್ಕಪಕ್ಕ ಹಾಕಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಂದಿನಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ನಾನು ಬಾಗಿಲ ಹತ್ತಿರ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದೆ.

“ನಂದಿನಿ” ಎಂದರು ಡೈರೆಕ್ಟರು. “ತಪ್ಪಿದೆ.”

ಅವಳು ಬಾಗಿದಳು. ಅವರು ಪರದೆಯ ಮೇಲೆ ಬೆರಳಿಟ್ಟರು. ಬೆಳಿಗ್ಗೆ ಬಲತೋಳಿಗೆ ಎರಡು ಮಡಿಕೆ, ಈಗ ಮೂರು. ಹೀರೋ ತಾನೇ ಒಂದು ಹೆಚ್ಚು ಮಡಚಿಕೊಂಡಿದ್ದ.

ನಾನು ಒಳಗೆ ಹೋಗಿ ಒಂದು ಮಡಿಕೆ ಬಿಚ್ಚಿ ಬಂದೆ. ಎರಡನೇ ಸಲ ತೆಗೆದರು. ಓಕೆ ಎಂದರು. ಅಂಗಿಯ ಬಗ್ಗೆ ಒಂದು ಮಾತಿಲ್ಲ, ಕಲೆಯ ಬಗ್ಗೆ ಇಲ್ಲ. ಸಂಜೆ ಐದೂವರೆಗೆ ಗೋದಾಮು ಖಾಲಿಯಾಯಿತು.

ಹಿತ್ತಿಲಲ್ಲಿ ನಂದಿನಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಆರಿದ ಬಿರಿಯಾನಿಯನ್ನು ಎರಡು ತಟ್ಟೆ ತಿಂದಳು. ಶರಣಪ್ಪ ಚಹಾ ತಂದ. “ಅಕ್ಕಾ, ಈಗರ ನಗು” ಎಂದ. ಆಗ ನಕ್ಕೆವು ಮೂವರೂ. ಯಾಕೆ ಎಂದು ಯಾರೋ ಕೇಳಿದರು, ಹೇಳಲಿಲ್ಲ. ನಾಂಪಲ್ಲಿಯಿಂದ ಲಿಂಗಂಪಲ್ಲಿಗೆ ಲೋಕಲ್ ಟ್ರೇನಿನಲ್ಲಿ ಕೂತಾಗ ಸೊಂಟ ಹಿಡಿದಿತ್ತು, ಕೈಗೆ ಚಹಾ ಮತ್ತು ನಿಂಬೆಯ ವಾಸನೆ. ನಿದ್ದೆ ಬಂದು ಕೊನೇ ಸ್ಟೇಷನ್ನಿನಲ್ಲಿ ಯಾರೋ ಎಬ್ಬಿಸಿದರು. ಅಂಥ ನಿದ್ದೆ ನನಗೆ ಭಾಳ ದಿನದಿಂದ ಬಂದಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕೈ ಎಷ್ಟು ಪಳಗಿದರೂ ಕೇಳದೆ ಬಕೆಟ್ಟಿಗೆ ಹಾಕಬಾರದು. ಪಳಗದವಳು ಹೆದರಿ ಕೇಳುತ್ತಾಳೆ. ಪಳಗಿದವಳು ಕೇಳುವುದಿಲ್ಲ, ಅದಕ್ಕೇ ದೊಡ್ಡ ತಪ್ಪು ಅವಳಿಂದಲೇ ಆಗುತ್ತದೆ. ಗುಟ್ಟು ಇಡುವವರಿಗೂ ಒಂದು ಮಾತು: ಬಟ್ಟೆ ತೊಳೆಯುವವಳಿಗೆ ಕಥೆ ಹೇಳಬೇಕಾಗಿಲ್ಲ, ತೊಳೆಯಬೇಕೋ ಬೇಡವೋ ಅಷ್ಟು ಹೇಳಿದರೆ ಸಾಕು.

ಮರುದಿನ ಬೆಳಿಗ್ಗೆ ಸ್ಟುಡಿಯೋದಲ್ಲಿ ಖಳನಾಯಕನ ಶೂಟಿಂಗ್ ಇತ್ತು. ಮೊದಲನೇ ಶಾಟಿನಲ್ಲೇ ಅವನು ಮೆಟ್ಟಿಲ ಮೇಲಿಂದ ಬಿದ್ದು ಸತ್ತ, ಕ್ಯಾಮೆರಾ ನೋಡಿ ನಕ್ಕ, ಕರಿ ಕೋಟನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ತೋಳಿನ ಮೇಲೆ ಹಾಕಿಕೊಂಡು ಡೈರೆಕ್ಟರ ಕುರ್ಚಿಯ ಹತ್ತಿರ ಹೋದೆ. ನಿನ್ನೆ ಅಂಗಿ ತೊಳೆದವಳು ನಾನು, ಆ ಹುಡುಗಿಯದೇನೂ ತಪ್ಪಿಲ್ಲ ಎಂದು ಮೊದಲು ಹೇಳಿದೆ. ಅವರು ಕನ್ನಡಕ ತೆಗೆದರು. ಅವರು ಮಾತಾಡುವುದಕ್ಕೆ ಮುಂಚೆಯೇ ಕೋಟು ಎತ್ತಿ ಹಿಡಿದು, “ಇವನು ಸತ್ತಿದ್ದಾನೋ ಇಲ್ಲವೋ, ಅಷ್ಟು ಹೇಳಿ ಸಾರ್” ಎಂದೆ. ಅವರು ಅತ್ತ ಇತ್ತ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಸಣ್ಣ ಧ್ವನಿಯಲ್ಲಿ “ಇನ್ನೂ ಇಲ್ಲಮ್ಮಾ” ಎಂದರು. ನಾನು ಕೋಟನ್ನು ಒಯ್ದು, ಕವರ್ ಹಾಕಿ, ಮೊಳೆಗೆ ತೂಗುಹಾಕಿದೆ.